ಕಾಗದದ ಮೇಲಿನ ಪಟ್ಟಿಯನ್ನು ಎಕ್ಸೆಲ್‌ಗೆ ತರುವುದು ಹೇಗೆ?

ಪ್ರಶ್ನೆ: ನನ್ನ ಹತ್ತಿರ ಹದಿನೈದು ಪುಟಗಳ ಅಚ್ಚಾದ ಲೆಕ್ಕದ ಪಟ್ಟಿ ಇದೆ. ಕೂತು ಟೈಪ್ ಮಾಡದೆ ಅದನ್ನು ಎಕ್ಸೆಲ್‌ಗೆ ಹಾಕಬಹುದೇ?

ಹಾಕಬಹುದು. ಟೈಪ್ ಮಾಡುವ ಕೆಲಸ ತಪ್ಪುತ್ತದೆ, ತಾಳೆ ನೋಡುವ ಕೆಲಸ ತಪ್ಪುವುದಿಲ್ಲ.

ಮೊದಲು, ಆ ಪಟ್ಟಿಯ ಮೂಲ ಫೈಲ್ ಯಾರ ಬಳಿಯಾದರೂ ಇದೆಯಾ ಅಂತ ವಿಚಾರಿಸಿ. ಪಿಡಿಎಫ್ ಸಿಕ್ಕಿ, ಅದರಲ್ಲಿ ಅಕ್ಷರಗಳನ್ನು ಸೆಲೆಕ್ಟ್ ಮಾಡಲು ಬಂದರೆ ಸ್ಕ್ಯಾನಿಂಗೇ ಬೇಡ. ಟ್ಯಾಬುಲಾ ಎಂಬ ಉಚಿತ ಸಾಫ್ಟ್‌ವೇರ್ ಟೇಬಲ್ಲನ್ನು ನೇರವಾಗಿ ಎತ್ತಿಕೊಡುತ್ತದೆ.

ಕಾಗದ ಬಿಟ್ಟು ಬೇರೇನೂ ಇಲ್ಲವೇ? ಮೊಬೈಲಿನ ಎಕ್ಸೆಲ್ ಆ್ಯಪ್ ಸಾಕು. ಫೋಟೋ ನೋಡಿ ಟೇಬಲ್ ತುಂಬುವ ಸೌಲಭ್ಯ ಅದಕ್ಕೆ 2019ರಲ್ಲೇ ಬಂದಿದೆ. ಪುಟ ಮಡಿಕೆಯಿಲ್ಲದೆ ಚಪ್ಪಟೆಯಾಗಿರಲಿ, ನಿಮ್ಮದೇ ಕೈಯ ನೆರಳು ಬೀಳದಿರಲಿ. ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು, ಅದರ ಸ್ಪಷ್ಟತೆಯ ಮಟ್ಟವನ್ನು (ರೆಸಲ್ಯೂಷನ್) 300 ಡಿಪಿಐಗೆ ಇಡಿ. ಪಟ್ಟಿಯಲ್ಲಿ ಕನ್ನಡ ಇದ್ದರೆ, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಓದುತ್ತದೆ, ಆದರೆ ಕಾಲಂಗಳನ್ನು ನೀವೇ ಜೋಡಿಸಿಕೊಳ್ಳಬೇಕಾಗಬಹುದು. ಕನ್ನಡ ಅಂಕಿಗಳಿದ್ದರೆ ಜಾಸ್ತಿ ಹುಷಾರು: ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಅಲ್ವಾ!

ಅಸಲಿ ಕೆಲಸ ಶುರುವಾಗುವುದು ಈಗ. ಪಟ್ಟಿಯ ಕೆಳಗೆ ಅಚ್ಚಾದ ಮೊತ್ತ 3,460 ಅಂದುಕೊಳ್ಳಿ. ನೀವು ಸಮ್ ಫಾರ್ಮುಲಾ ಹಾಕಿದರೆ 2,610 ಬರುತ್ತದೆ. 850 ಎಲ್ಲಿ ಹೋಯಿತು? ಹುಡುಕಿದರೆ ಕಾಲಂನಲ್ಲೇ ಕೂತಿದೆ! ಉಳಿದ ಅಂಕಿಗಳೆಲ್ಲ ಸೆಲ್ಲಿನ ಬಲಕ್ಕೆ ಅಂಟಿವೆ, ಇದೊಂದು ಎಡಕ್ಕೆ. ಕೊನೆಯ ಸೊನ್ನೆಯನ್ನು ಯಂತ್ರ ಇಂಗ್ಲಿಷಿನ 'ಓ' ಅಂತ ಓದಿದೆ. ಹಾಗಾಗಿ ಎಕ್ಸೆಲ್‌ಗೆ ಅದು ಸಂಖ್ಯೆಯೇ ಅಲ್ಲ, ಬರೀ ಪದ. ತಪ್ಪು ಅಂತ ಒಂದು ಮಾತೂ ಹೇಳದೆ ಬಿಟ್ಟು ಕೂಡಿಸಿದೆ. 5 ಹೋಗಿ 'ಎಸ್', 8 ಹೋಗಿ 'ಬಿ' ಆಗುವುದೂ ಉಂಟು. ಅದಕ್ಕೇ ಪ್ರತಿ ಪುಟದ ಮೊತ್ತವನ್ನೂ ಅಲ್ಲಲ್ಲೇ ತಾಳೆ ಹಾಕಿ. ಹದಿನೈದೂ ಪುಟ ಮುಗಿದ ಮೇಲೆ ಹುಡುಕಲು ಹೊರಟರೆ ತಲೆ ಕೆಡುತ್ತದೆ.

ಫೋನ್ ನಂಬರ್, ಖಾತೆ ನಂಬರ್‌ಗಳ ಕಾಲಂ ಇದ್ದರೆ ಅದನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಡಿ. ಇಲ್ಲದಿದ್ದರೆ ನಂಬರಿನ ಶುರುವಿನಲ್ಲಿರುವ ಸೊನ್ನೆ ಮಾಯವಾಗುತ್ತದೆ. ಸಂಖ್ಯೆಯಲ್ಲಿ ಎಕ್ಸೆಲ್ ಉಳಿಸಿಕೊಳ್ಳುವುದು 15 ಅಂಕಿ ಮಾತ್ರ, ಹದಿನಾರನೆಯದು ಸೊನ್ನೆಯಾಗಿಬಿಡುತ್ತದೆ.

ಇನ್ನು, ಇಪ್ಪತ್ತೇ ಸಾಲಿನ ಪಟ್ಟಿಯಾದರೆ ಸುಮ್ನೆ ಟೈಪ್ ಮಾಡಿ. ಫೋಟೋ ತೆಗೆದು ತಿದ್ದುವಷ್ಟರಲ್ಲಿ ಅದು ಮುಗಿದಿರುತ್ತದೆ. ಆಮೇಲೆ ಮೊತ್ತ ಕೂಡಿಬರದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. 580 ಹೊಡೆಯುವ ಬದಲು 850 ಹೊಡೆದರೆ ವ್ಯತ್ಯಾಸ 270, ಅಂದರೆ ಒಂಬತ್ತು ಮೂವತ್ತಲ.