ಪಟ್ಟಿಯಲ್ಲೇ ಇಲ್ಲದ ಪುಸ್ತಕ ಗೆದ್ದ ವರ್ಷ

ಚೀನಾದ ಲಿಯು ತ್ಸಿಶಿನ್ ಬರೆದ ‘ದಿ ತ್ರೀ-ಬಾಡಿ ಪ್ರಾಬ್ಲಂ’ 2015ರಲ್ಲಿ ವಿಜ್ಞಾನ ಕಥೆ, ಫ್ಯಾಂಟಸಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಗೆದ್ದಿತು. ಅನುವಾದವಾಗಿ ಬಂದ ಕಾದಂಬರಿಗೆ ಈ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ತಮಾಷೆ ಏನೆಂದರೆ, ಅಂತಿಮ ಪಟ್ಟಿಯಲ್ಲಿ ಮೊದಲು ಅದಕ್ಕೆ ಜಾಗವೇ ಇರಲಿಲ್ಲ. ಮಾರ್ಕೊ ಕ್ಲೂಸ್ ಎಂಬ ಲೇಖಕರು ತಮ್ಮ ಪುಸ್ತಕ ವಾಪಸ್ ಪಡೆದರು. ಖಾಲಿಯಾದ ಜಾಗ ಇದಕ್ಕೆ ಸಿಕ್ಕಿತು.

ಅವರು ಹಿಂದೆ ಸರಿದದ್ದು ಯಾಕೆ ಅಂತ ತಿಳಿಯಲು ಹ್ಯೂಗೊ ನಡೆಯುವ ಬಗೆ ನೋಡಬೇಕು. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ, ವಿಜ್ಞಾನ ಕಥೆಗಳ ಅಭಿಮಾನಿಗಳ ‘ವರ್ಲ್ಡ್‌ಕಾನ್’ ಸಮ್ಮೇಳನದಲ್ಲಿ ಇದು ಶುರುವಾಯಿತು. 1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ತಂದ ಹ್ಯೂಗೊ ಗರ್ನ್ಸ್‌ಬ್ಯಾಕ್ ಹೆಸರನ್ನೇ ಇಟ್ಟರು. (ಲೇಖಕರಿಗೆ ದುಡ್ಡು ಕೊಡುವಾಗ ಆತ ಮಹಾ ಜಿಪುಣ ಎಂಬ ಮಾತಿತ್ತು.) ಇಲ್ಲಿ ತೀರ್ಪುಗಾರರಿಲ್ಲ. ಸಮ್ಮೇಳನದ ಸದಸ್ಯರಾಗಲು ಹಣ ಕಟ್ಟಿದವರೆಲ್ಲ ಮತದಾರರು. ಮೊದಲು ಕೃತಿಗಳನ್ನು ಸೂಚಿಸುತ್ತಾರೆ, ಹೆಚ್ಚು ಸೂಚನೆ ಬಂದವು ಅಂತಿಮ ಪಟ್ಟಿ ಸೇರುತ್ತವೆ, ಆಮೇಲೆ ಅದರಲ್ಲಿ ಗೆಲ್ಲುವುದಕ್ಕೆ ಮತ ಹಾಕುತ್ತಾರೆ.

ಇವರಿಗೆ ಬರೀ ರಾಕೆಟ್ಟು, ಲೇಸರ್ ಬಂದೂಕು ಸಾಲದು. 1970ರಲ್ಲಿ ಉರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಗೆದ್ದಿತು. ಅದರಲ್ಲಿನ ಗ್ರಹದ ಜನ ಕಾಯಂ ಆಗಿ ಗಂಡೂ ಅಲ್ಲ, ಹೆಣ್ಣೂ ಅಲ್ಲ. ‘ಹೀಗಿದ್ದರೆ ಬದುಕು ಹೇಗಿರುತ್ತೆ?’ ಎಂದು ಕೇಳಿ, ಉತ್ತರವನ್ನು ಕೊನೆತನಕ ಬೆನ್ನು ಹತ್ತುವ ಕಥೆಗೆ ಅಭಿಮಾನಿಗಳು ಸೋಲುತ್ತಾರೆ.

ಇದೇ ಕೆಲವರಿಗೆ ಹಿಡಿಸಲಿಲ್ಲ. ಸಾಹಸದ ಕಥೆಗಳನ್ನು ಬಿಟ್ಟು ಸಂದೇಶ ಸಾರುವ ಕಥೆಗಳಿಗೇ ಮತ ಬೀಳುತ್ತಿದೆ ಎಂದು 2013ರಿಂದ ‘ಸ್ಯಾಡ್ ಪಪ್ಪೀಸ್’ ಎಂಬ ಗುಂಪು ತಕರಾರು ತೆಗೆಯಿತು. ಮುಂದೆ ‘ರ‍್ಯಾಬಿಡ್ ಪಪ್ಪೀಸ್’ ಎಂಬ ಇನ್ನೂ ಉಗ್ರ ಗುಂಪು ಹುಟ್ಟಿತು. 2015ರಲ್ಲಿ ಎರಡೂ ಗುಂಪಿನವರು ಇವನ್ನೇ ಸೂಚಿಸಿ ಎಂದು ಬೆಂಬಲಿಗರಿಗೆ ಸಿದ್ಧ ಪಟ್ಟಿ ಹಂಚಿದರು. ಸಾಮಾನ್ಯ ಓದುಗರು ತಮಗಿಷ್ಟವಾದ ಪುಸ್ತಕ ಸೂಚಿಸುತ್ತಾರೆ, ಅವರ ಮತ ನೂರು ಕಡೆ ಚದುರುತ್ತದೆ. ಕೆಲವೇ ಜನ ಒಂದೇ ಪಟ್ಟಿ ಬರೆದರೆ ಸಾಕು, ಅದೇ ಮೇಲೆ ಬರುತ್ತದೆ. ನಿಯಮ ಮುರಿದಿರಲಿಲ್ಲ, ನೆನಪಿರಲಿ. ಆ ಪಟ್ಟಿಯ ಬಲದಿಂದ ಬಂದ ಜಾಗ ಬೇಡ ಅಂದದ್ದೇ ಕ್ಲೂಸ್.

ಮತದಾರರೂ ಸುಮ್ಮನೆ ಕೂರಲಿಲ್ಲ. ಐದು ವಿಭಾಗಗಳಲ್ಲಿ ‘ಯಾರಿಗೂ ಬೇಡ’ ಎಂದು ಮತ ಹಾಕಿದರು. 2017ರಿಂದ ಎಣಿಕೆಯೇ ಬದಲಾಯಿತು: ಒಬ್ಬರು ಐದು ಕೃತಿ ಸೂಚಿಸಿದರೆ ಒಂದೇ ಅಂಕ ಐದು ಪಾಲಾಗುತ್ತದೆ. ಆ ಗದ್ದಲದ ನಡುವೆಯೇ ಲೇಖಕಿ ಎನ್.ಕೆ. ಜೆಮಿಸಿನ್ ಕಾದಂಬರಿ ವಿಭಾಗದಲ್ಲಿ 2016, 2017, 2018 ಮೂರೂ ವರ್ಷ ಸತತವಾಗಿ ಗೆದ್ದರು.

2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ಸಮ್ಮೇಳನದಲ್ಲಿ ತೊಂದರೆ ಬಂದದ್ದು ಎಣಿಸುವವರ ಕಡೆಯಿಂದ. ಆರ್.ಎಫ್. ಕುವಾಂಗ್ ಅವರ ‘ಬೇಬಲ್’ ಕಾದಂಬರಿಗೆ ಸಾಕಷ್ಟು ಸೂಚನೆ ಬಂದಿದ್ದರೂ ಕಾರಣ ಹೇಳದೆ ಹೊರಗಿಟ್ಟಿದ್ದರು. ಅದು ಬಯಲಾದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸಮ್ಮೇಳನ ನಡೆಸಿದ ಸಮಿತಿ ಮಾತ್ರ ಫಲಿತಾಂಶಕ್ಕೆ ಮೊದಲೇ ಬಾಯಿ ಬಿಟ್ಟಿತು. ಒಬ್ಬರನ್ನು ಗೆಲ್ಲಿಸಲೆಂದೇ ಹಾಕಿದ 377 ಮತಗಳನ್ನು ರದ್ದು ಮಾಡಿದ್ದೇವೆ ಎಂದಿತು. ಅವುಗಳಲ್ಲಿ ಕೆಲವು ‘ಮತದಾರರ’ ಹೆಸರಿನ ಎರಡನೇ ಭಾಗದಲ್ಲಿ ಮೊದಲಕ್ಷರವಷ್ಟೇ ಬೇರೆ ಬೇರೆ, ಅದರಲ್ಲಿ ಉಳಿದದ್ದೆಲ್ಲ ಒಂದೇ.