ಎಲ್ಲಾ ಡಿಲೀಟ್ ಮಾಡ್ಸೀವ್ರಿ, ಈಗ ಕೇಸ್ ಹಾಕ್ರಿ

‘ಮೇಡಂ, ಎಲ್ಲಾ ಡಿಲೀಟ್ ಮಾಡ್ಸೀವ್ರಿ. ಈಗ ಕೇಸ್ ಹಾಕ್ರಿ.’ ಮನೆ ಹುಡುಗಿಯ ಖಾಸಗಿ ಫೋಟೊ ಯಾರೋ ಹಂಚಿದರೆಂದು ಆಳಂದದಿಂದ ಬಂದವರೂ ಇದನ್ನೇ ಹೇಳುತ್ತಾರೆ, ಸೇಡಂನಿಂದ ಬಂದವರೂ ಇದನ್ನೇ ಹೇಳುತ್ತಾರೆ, ಕಲಬುರಗಿ ಕೋರ್ಟಿನ ಕೂಗಳತೆಯಲ್ಲಿ ಇರುವವರೂ ಅಷ್ಟೇ. ಹೇಳುವಾಗ ಮುಖದಲ್ಲಿ ಒಂದು ನೆಮ್ಮದಿ ಬೇರೆ. ಅರ್ಧ ಕೆಲಸ ನಾವೇ ಮುಗಿಸಿಕೊಂಡು ಬಂದೀವಿ, ಉಳಿದರ್ಧ ವಕೀಲರದು ಎಂಬ ಭಾವ. ಆ ಅರ್ಧ ಕೆಲಸ ಮಾಡಿಕೊಟ್ಟದ್ದು ಆರೋಪಿಯ ವಕೀಲರಿಗೆ ಎಂದು ತಿಳಿಸಿ ಹೇಳುವ ಹೊತ್ತಿಗೆ ನನ್ನ ಚಹಾ ಆರಿರುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನಿಶ್ಚಯ ಆಗಿದ್ದ ಹುಡುಗ, ಸಂಬಂಧದೊಳಗಿನವನೇ, ಪುಣೆಯಲ್ಲಿ ಕೆಲಸ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಬಂಗಾರದ ಮಾತಿಗೆ ಸಂಬಂಧ ಮುರಿಯಿತು. ಹುಡುಗಿಗೆ ಬೇರೆ ಕಡೆ ನೋಡಲು ಶುರು ಮಾಡಿದಾಗ, ಅವಳು ಅವನಿಗೊಬ್ಬನಿಗೆ ಕಳಿಸಿದ್ದ ಎರಡು ಫೋಟೊ ಹೊಸ ಬೀಗರ ಕಡೆಯವರ ವಾಟ್ಸ್ಆ್ಯಪ್‌ಗೆ ಹೋದವು. ಹಿರಿಯರು ಕೂಡಿದರು. ಹುಡುಗನನ್ನು ಕರೆಸಿ, ಕಾಕಾ ಒಬ್ಬರು ಅವನ ಫೋನ್ ಕಸಿದುಕೊಂಡು ಎಲ್ಲರೆದುರು ಫೋಟೊ ಅಳಿಸಿದರು. ಅಷ್ಟಕ್ಕೆ ನಿಲ್ಲಲಿಲ್ಲ. ‘ನಿನ್ ಫೋನೂ ಕೊಡವ್ವಾ ಇಲ್ಲಿ’ ಎಂದು ಹುಡುಗಿಯ ಫೋನಿನಲ್ಲಿದ್ದ ಚಾಟ್ ಪೂರ್ತಿ ಅಳಿಸಿ, ಅವನ ನಂಬರ್ ಬ್ಲಾಕ್ ಮಾಡಿ, ನೂರು ರೂಪಾಯಿ ಬಾಂಡಿನ ಮೇಲೆ ಬರೆಸಿಕೊಂಡು ಎದ್ದರು. ಕೆಲವು ವಾರ ಕಳೆದ ಮೇಲೆ ಹುಡುಗಿಯ ಹೆಸರಿನಲ್ಲೇ ಒಂದು ಇನ್‌ಸ್ಟಾಗ್ರಾಂ ಖಾತೆ ಎದ್ದಿತು. ಅದರಲ್ಲಿ ಅದೇ ಎರಡು ಫೋಟೊ.

ಕಾಕಾಗೆ ಆಶ್ಚರ್ಯ. ‘ನಾನೇ ಕೈಯಾರೆ ಅಳಸೀನಲ್ರಿ!’ ಗ್ಯಾಲರಿಯಲ್ಲಿ ಅಳಿಸಿದ ಫೋಟೊ ಬಹುತೇಕ ಫೋನುಗಳಲ್ಲಿ ಸುಮಾರು 30 ದಿನ ಕಸದ ಫೋಲ್ಡರಿನಲ್ಲೇ ಕೂತಿರುತ್ತದೆ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ 60 ದಿನ. ಗೆಳೆಯನಿಗೆ ಮೊದಲೇ ಕಳಿಸಿದ್ದರೆ, ಟೆಲಿಗ್ರಾಂನಲ್ಲಿ ತನಗೆ ತಾನೇ ಕಳಿಸಿಕೊಂಡಿದ್ದರೆ, ಅದನ್ನು ಯಾವ ಕಾಕಾನೂ ಅಳಿಸಲಾರ. ಹುಡುಗಿಯ ಫೋನಿನಿಂದ ಹೋದದ್ದು ಮಾತ್ರ ಹೋಯಿತು. ವಾಟ್ಸ್ಆ್ಯಪ್ ಕಂಪನಿ ತಲುಪಿದ ಸಂದೇಶಗಳನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಾಳೆ ನಾನು ಪತ್ರ ಬರೆದು ತರಿಸಿಕೊಳ್ಳುವಂಥದ್ದಲ್ಲ ಅದು. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲವೊಮ್ಮೆ ಮರಳಿ ಸಿಗುತ್ತದೆ, ಕೆಲವೊಮ್ಮೆ ಇಲ್ಲ. ಸಿಕ್ಕೇ ಸಿಗುತ್ತದೆ ಎಂದು ನಾನು ಯಾವ ಕಕ್ಷಿದಾರರಿಗೂ ಮಾತು ಕೊಡುವುದಿಲ್ಲ.

ಹುಡುಗನ ಫೋನಿನದ್ದನ್ನು ಯಾಕೆ ಅಳಿಸಿದರೆಂದು ಯಾರಿಗಾದರೂ ತಿಳಿಯುತ್ತದೆ. ಹುಡುಗಿಯದ್ದನ್ನು ಯಾಕೆ? ಈ ಪ್ರಶ್ನೆ ಕೇಳಿದಾಗ ಎದುರಿಗೆ ಕೂತವರು ನೆಲ ನೋಡುತ್ತಾರೆ. ಆಮೇಲೆ ತಾಯಿಯೋ ಅಣ್ಣನೋ ಸಣ್ಣ ದನಿಯಲ್ಲಿ ಹೇಳುತ್ತಾರೆ: ‘ನಮ್ ಹುಡ್ಗಿನೇ ಕಳಿಸ್ಯಾಳ್ರಿ ಮೇಡಂ. ಅದು ಕೋರ್ಟಿಗೆ ಕಂಡ್ರ ನಮ್ ಕೇಸೇ ಬೀಳ್ತದಲ್ರಿ.’

ನಾನು ಈ ಅಂಕಣ ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ. ಬೀಳುವುದಿಲ್ಲ. ಎಷ್ಟೋ ಸಲ ಕೇಸು ನಿಲ್ಲುವುದೇ ಆ ಚಾಟಿನ ಮೇಲೆ.

ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ನೋಡಿ. 2024ರ ಜುಲೈ 1ಕ್ಕಿಂತ ಹಿಂದೆ ನಡೆದದ್ದಾದರೆ ಭಾರತೀಯ ದಂಡ ಸಂಹಿತೆಯ 354ಸಿ. 2013ರ ತಿದ್ದುಪಡಿಯಲ್ಲಿ ಬಂದದ್ದು. ಹೆಣ್ಣಿನ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು, ಹಂಚುವುದು ಅದರಲ್ಲಿ ಅಪರಾಧ. ಮೊದಲ ಸಲ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ. ಇಲ್ಲಿಯವರೆಗೆ ಎಲ್ಲರೂ ಓದುತ್ತಾರೆ. ಅದರ ಕೆಳಗೆ ಎರಡನೇ ವಿವರಣೆ ಇದೆ, ಅದನ್ನು ಓದಬೇಕು. ಚಿತ್ರ ತೆಗೆಯಲು ಅವಳು ಒಪ್ಪಿದ್ದರೂ, ಮೂರನೆಯವರಿಗೆ ಹಂಚಲು ಒಪ್ಪದಿದ್ದರೆ, ಹಂಚಿದ್ದು ಅಪರಾಧ ಎನ್ನುತ್ತದೆ ಅದು. ತೆಗೆಯುವುದಕ್ಕೆ ಕೊಟ್ಟ ಒಪ್ಪಿಗೆ ಬೇರೆ, ಹಂಚುವುದಕ್ಕೆ ಕೊಡಬೇಕಾದ ಒಪ್ಪಿಗೆ ಬೇರೆ. ಮೊದಲನೆಯದು ಇತ್ತೆಂದ ಮಾತ್ರಕ್ಕೆ ಎರಡನೆಯದು ತಾನಾಗಿ ಹುಟ್ಟುವುದಿಲ್ಲ.

ಇಷ್ಟು ಹೇಳಿದರೂ ತಲೆ ಅಲ್ಲಾಡಿಸುವವರಿಗೆ ನಾನು ಕೇಳುವುದು: ದೂರದೂರಿಗೆ ಹೋಗುವಾಗ ಬಂಗಾರ ತಂಗಿ ಮನೆಯಲ್ಲಿಟ್ಟು ಹೋದಿರಿ, ತಂಗಿಯ ಗಂಡ ಮಾರಿಕೊಂಡ, ‘ನೀವೇ ಕೈಯಾರೆ ಕೊಟ್ಟೀರಿ’ ಅಂತ ಪೊಲೀಸರು ವಾಪಸ್ ಕಳಿಸಿದರೆ ಸುಮ್ಮನೆ ಬರುತ್ತೀರಾ? ಬಂಗಾರದ ಮಾತು ಬಂದರೆ ನಮ್ಮ ಕಡೆ ಎಲ್ಲರಿಗೂ ಕಾನೂನು ಬೇಗ ತಿಳಿಯುತ್ತದೆ.

ಈಗ ಆ ಚಾಟಿಗೆ ಬರೋಣ. ಫೋಟೊ ಕಳಿಸುವಾಗ ನಮ್ಮ ಹುಡುಗಿಯರು ಸಾಮಾನ್ಯವಾಗಿ ಏನಾದರೂ ಬರೆದೇ ಬರೆದಿರುತ್ತಾರೆ. ‘ಯಾರಿಗೂ ತೋರಿಸಬ್ಯಾಡ.’ ‘ನೋಡಿ ಅಳಿಸ್ಬಿಡು.’ ‘ನಿನ್ ಮ್ಯಾಲ ನಂಬಿಕಿ ಇಟ್ಟು ಕಳಿಸೀನಿ.’ ಅವನೂ ಬರೆದಿರುತ್ತಾನೆ: ‘ಆಣೆ ಮಾಡ್ತೀನಿ, ನಾನೊಬ್ಬನೇ ನೋಡದು.’ ಒಪ್ಪಿಗೆ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಬೇಡ. ಅದರ ಮುಂದೆ, ಸಂಬಂಧ ಮುರಿದ ಮೇಲೆ ಬಂದ ಬೆದರಿಕೆ ಇರುತ್ತದೆ. ಅದು ಬೇರೆಯೇ ಅಪರಾಧ. ಮೂರೂ ಒಂದೇ ಚಾಟಿನಲ್ಲಿ, ತಾರೀಖು ವೇಳೆ ಸಮೇತ. ಮಾನ ಉಳಿಸಲು ಎಂದು ಮನೆಯವರು ಮೊದಲು ಅಳಿಸುವುದು ಇದನ್ನೇ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅವಳೇ ತೆಗೆದುಕೊಂಡು ಕಳಿಸಿದ ಸೆಲ್ಫಿ ಆದರೆ, ಎದುರು ಪಕ್ಷದ ವಕೀಲರು ‘ನನ್ನ ಕಕ್ಷಿದಾರ ಚಿತ್ರ ತೆಗೆದೇ ಇಲ್ಲ, 77 ಅನ್ವಯಿಸದು’ ಎಂದು ವಾದಿಸುವುದುಂಟು. ವಾದ ನಿಲ್ಲುತ್ತದೋ ಇಲ್ಲವೋ ಆಯಾ ನ್ಯಾಯಾಲಯ ನೋಡುತ್ತದೆ. ಆ ಜಗಳಕ್ಕೆ ಕೇಸನ್ನು ಪಣಕ್ಕಿಡುವುದು ಜಾಣತನವಲ್ಲ. ಅದಕ್ಕೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂಗಳನ್ನೂ ದೂರಿನಲ್ಲಿ ಸೇರಿಸಬೇಕು. 66ಇ ಪ್ರಕಾರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ಕಳಿಸಿದರೂ ಸಾಕು, ಯಾರು ತೆಗೆದರು ಎಂಬುದು ಮುಖ್ಯವಲ್ಲ: 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಅದು ಗಂಡಸರಿಗೂ ಅನ್ವಯಿಸುತ್ತದೆ. ಲೈಂಗಿಕ ಕ್ರಿಯೆಯ ವಿಡಿಯೊ ಆಗಿದ್ದರೆ 67ಎ: ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಪಶ್ಚಿಮ ಬಂಗಾಳದ ತಮ್ಲೂಕ್ ನ್ಯಾಯಾಲಯ 2018ರಲ್ಲಿ 5 ವರ್ಷ ಶಿಕ್ಷೆ ಕೊಟ್ಟದ್ದು ಇಂಥದ್ದೇ ಪ್ರಕರಣದಲ್ಲಿ, ಪ್ರೀತಿಸುತ್ತಿದ್ದಾಗ ಸಿಕ್ಕ ಚಿತ್ರಗಳನ್ನು ಆಮೇಲೆ ಇಂಟರ್‌ನೆಟ್‌ಗೆ ಏರಿಸಿದವನಿಗೆ. ‘ಕಳಿಸಿದ್ದಕ್ಕೆ ಆಕಿ ಮ್ಯಾಲೇ ಕೇಸ್ ಆದ್ರ?’ ಎಂದು ಕೇಳುತ್ತಾರೆ. ಹೀಗೆ ದೂರು ಕೊಟ್ಟ ಹುಡುಗಿಯನ್ನೇ ಆರೋಪಿ ಮಾಡಿದ್ದನ್ನು ನಾನು ಕಂಡಿಲ್ಲ.

ಇನ್ನು ಆ ನೂರು ರೂಪಾಯಿ ಬಾಂಡು. ನನ್ನ ತಾಳ್ಮೆ ಪೂರ್ತಿ ಹೋಗುವುದು ಇಲ್ಲಿ. ಹೆಣ್ಣಿನ ವಿರುದ್ಧ ನಡೆದ ಅಪರಾಧವನ್ನು ನ್ಯಾಯಾಲಯವೇ ರಾಜಿ ಮಾಡಿಸಬಾರದು ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 77ಎ ಹೇಳುತ್ತದೆ. ನ್ಯಾಯಾಧೀಶರಿಗೇ ಇಲ್ಲದ ಅಧಿಕಾರ ಗುಡಿ ಕಟ್ಟೆಗೆ ಎಲ್ಲಿಂದ ಬಂತು? ಹೈಕೋರ್ಟ್ ತನ್ನ ವಿಶೇಷ ಅಧಿಕಾರದಲ್ಲಿ ಪ್ರಕರಣ ರದ್ದು ಮಾಡುವುದು ಬೇರೆ ಮಾತು. ಬಾಂಡಿನಲ್ಲಿ ಬರೆದಿರುವುದನ್ನು ಓದಿದರೆ ಇನ್ನೂ ಸಂಕಟ: ಹುಡುಗಿಯ ಪೂರ್ತಿ ಹೆಸರು, ತಂದೆ ಹೆಸರು, ಫೋಟೊದಲ್ಲಿ ಏನಿತ್ತೆಂಬ ವರ್ಣನೆ, ಕೊನೆಗೆ ‘ಇಬ್ಬರಿಂದಲೂ ತಪ್ಪಾಗಿದ್ದು’ ಎಂಬ ಸಾಲು, ಅದರ ಕೆಳಗೆ ಅವಳ ಸಹಿ. ಪಾಟೀಸವಾಲಿನಲ್ಲಿ ಆ ಕಾಗದ ಹೊರಬರುತ್ತದೆ. ‘ತಪ್ಪಾಗಿದೆ ಎಂದು ನೀವೇ ಒಪ್ಪಿ ಸಹಿ ಹಾಕಿದ್ದೀರಿ, ಅಲ್ಲವೇ?’ ಊರ ಹಿರಿಯರ ಮೇಲೆ ನನಗೆ ಗೌರವ ಇದೆ. ಹೊಲದ ಬದುವಿನ ವ್ಯಾಜ್ಯವನ್ನು ನಮಗಿಂತ ಚೆನ್ನಾಗಿ ಬಗೆಹರಿಸುತ್ತಾರೆ. ಇದಕ್ಕೆ ಕೈ ಹಾಕಬೇಡಿ, ಅಷ್ಟೇ.

ಒಬ್ಬ ತಾಯಿ ಬಂದಿದ್ದರು. ಓದು ಬರಹ ಇಲ್ಲ, ತೊಗರಿ ಕೊಯ್ಲಿಗೆ ಕೂಲಿಗೆ ಹೋಗುವವರು. ಮಗಳ ಫೋನಿಗೆ ಏನೋ ಬಂತು, ಮಗಳು ಅತ್ತಳು, ಇವರು ಫೋನ್ ಇಸಕೊಂಡು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಮರುದಿನ ಬಸ್ಸು ಹತ್ತಿದ್ದಾರೆ. ‘ಅಳಸದು ನನಗ ಬರಂಗಿಲ್ರಿ ತಾಯಿ, ಹಂಗೇ ತಂದೀನಿ’ ಎಂದು ಸಂಕೋಚಪಟ್ಟರು. ನಾನು ಎದ್ದು ಅವರಿಗೆ ಚಹಾ ತರಿಸಿದೆ. ಚಾಟ್ ಇತ್ತು, ಬೆದರಿಕೆಯ ಧ್ವನಿ ಸಂದೇಶ ಇತ್ತು, ನಂಬರ್ ಇತ್ತು. ಮನೆಯಲ್ಲಿ ಡಿಗ್ರಿ ಓದಿದ ಅಳಿಯನೊಬ್ಬ ಇದ್ದಿದ್ದರೆ ಇದ್ಯಾವುದೂ ನನ್ನ ಮೇಜಿನವರೆಗೆ ಬರುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಫೋನ್ ಹೇಗಿದೆಯೋ ಹಾಗೇ ಇರಲಿ. ರೀಸೆಟ್ ಬೇಡ, ಎಕ್ಸ್‌ಚೇಂಜ್ ಬೇಡ, ನಂಬರ್ ಬದಲಿಸುವುದೂ ಈಗಲೇ ಬೇಡ. ಸ್ಕ್ರೀನ್‌ಶಾಟ್ ತೆಗೆಯುವಾಗ ನಾಚಿಕೆಯ ಭಾಗ ಕತ್ತರಿಸಬೇಡಿ, ತಾರೀಖು ವೇಳೆ ಕಾಣಲಿ. ಹೆಸರಿನ ಬದಲು ನಂಬರ್ ಕಾಣಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ: ಹುಡುಗನ ನಂಬರನ್ನು ಮನೆಯವರಿಗೆ ತಿಳಿಯದಂತೆ ‘ಸುನಂದಾ ಟೀಚರ್’ ಎಂದು ಸೇವ್ ಮಾಡಿರುತ್ತಾರೆ. ಅಂಥ ಸ್ಕ್ರೀನ್‌ಶಾಟ್ ಹಿಡಿದು ಹೋದರೆ ಬೆದರಿಸಿದವರು ಯಾರೋ ಟೀಚರ್! ಪ್ರೊಫೈಲ್ ತೆರೆದು ನಂಬರ್ ಕಾಣುವಂತೆ ಇನ್ನೊಂದು ತೆಗೆಯಿರಿ. ಇನ್‌ಸ್ಟಾಗ್ರಾಂ ಆದರೆ ಖಾತೆಯ ಹೆಸರು, ಲಿಂಕ್. ಆದರೆ ಸ್ಕ್ರೀನ್‌ಶಾಟ್ ಇದೆಯೆಂದು ಮೂಲ ಫೋನನ್ನು ಬಿಡುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನೂ (ಕಡತದ ಬೆರಳಚ್ಚು ಇದ್ದಂತೆ) ನಮೂದಿಸಬೇಕು. ಮೂಲವೇ ಇಲ್ಲದಿದ್ದರೆ ಆ ಪ್ರಮಾಣಪತ್ರಕ್ಕೆ ಎದುರು ವಕೀಲರು ಹಲ್ಲು ಹಾಕುತ್ತಾರೆ.

ದಯವಿಟ್ಟು ಆ ಫೋಟೊವನ್ನು ನನಗೆ ಕಳಿಸಬೇಡಿ. ‘ನೋಡ್ರಿ ಮೇಡಂ, ಇದೇ ಅದು’ ಎಂದು ಅಣ್ಣ ಕಳಿಸುತ್ತಾನೆ, ಮಾವ ಕಳಿಸುತ್ತಾನೆ. ನಾನು ನೋಡಬೇಕಾಗಿಲ್ಲ. ಕಳಿಸಿದ ಪ್ರತಿ ಸಲವೂ ಅದು ಇನ್ನೊಂದು ಫೋನಿನಲ್ಲಿ ಉಳಿಯುತ್ತದೆ, ಮತ್ತು ಕಾನೂನು ಅಪರಾಧ ಎನ್ನುವುದು ಹೀಗೆ ರವಾನಿಸುವುದನ್ನೇ. 2024ರಲ್ಲಿ ಹಾಸನದ ಪೆನ್‌ಡ್ರೈವ್ ಪ್ರಕರಣದ ಹೊತ್ತಿಗೆ, ವಿಡಿಯೊ ಹಂಚಿದವರ ಮೇಲೂ ಕ್ರಮ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಿದ್ದು ನೆನಪಿರಲಿ. ‘ನಾನು ಬರೀ ಫಾರ್ವರ್ಡ್ ಮಾಡೀನ್ರಿ’ ಎಂಬುದು ರಕ್ಷಣೆಯಲ್ಲ.

ಆನ್‌ಲೈನ್‌ನಲ್ಲಿ ಇರುವುದನ್ನು ತೆಗೆಸುವುದಕ್ಕೆ ನನ್ನ ವಿರೋಧವಿಲ್ಲ, ಬೇಗ ತೆಗೆಸಿ. ಮೊದಲು ಲಿಂಕ್ ಬರೆದಿಟ್ಟುಕೊಳ್ಳಿ, ಆಮೇಲೆ ರಿಪೋರ್ಟ್ ಒತ್ತಿ. ನಗ್ನ ಚಿತ್ರದ ಬಗ್ಗೆ ಸಂತ್ರಸ್ತರೇ ದೂರು ಕೊಟ್ಟರೆ ಕಂಪನಿಗಳು ತೆಗೆಯಬೇಕು. 2021ರಲ್ಲಿ ನಿಯಮ ಬಂದಾಗ ಕೊಟ್ಟ ಗಡುವೇ 24 ಗಂಟೆ. ತಿರುಚಿದ ಚಿತ್ರಗಳಿಗೂ ಅದೇ ನಿಯಮ. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆ 2021ರ ಡಿಸೆಂಬರಿನಿಂದ ಇದೆ, 18 ದಾಟಿದವರಿಗೆ. ನಿಮ್ಮ ಫೋನಿನಲ್ಲೇ ಫೋಟೊದಿಂದ ಒಂದು ಹ್ಯಾಶ್ ತಯಾರಾಗುತ್ತದೆ. ಫೋಟೊ ಫೋನ್ ಬಿಟ್ಟು ಹೋಗುವುದಿಲ್ಲ, ಹ್ಯಾಶ್ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತದೆ. ಅದೇ ಫೋಟೊ ಮತ್ತೆ ಏರಿಸಲು ಹೋದರೆ ತಡೆಯಬಹುದು. ಆದರೆ ಹ್ಯಾಶ್ ಮಾಡಲು ಆ ಫೋಟೊ ನಿಮ್ಮ ಹತ್ತಿರ ಇರಬೇಕಲ್ಲ! ಕಾಕಾ ಅಳಿಸಿದ ಆ ಹುಡುಗಿಯ ಫೋನಿನಲ್ಲಿ ಇರಲಿಲ್ಲ.

ಠಾಣೆಯ ವಿಷಯ ಚುಟುಕಾಗಿ. ಹುಡುಗ ಪುಣೆಯಲ್ಲಿದ್ದಾನೆ, ಅಲ್ಲಿಗೇ ಹೋಗಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಲ್ಲಿ ನಡೆದದ್ದೇ ಆಗಲಿ, ಇಲ್ಲೇ ದೂರು ದಾಖಲಿಸಬೇಕು. 77ನೇ ಕಲಂನ ದೂರಾದರೆ ಹುಡುಗಿಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಕೇಳಿ ಪಡೆಯಿರಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ದೂರು ಕೊಡಬಹುದು. ವಕೀಲರ ಖರ್ಚಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.

ಹುಡುಗಿಗೆ 18 ತುಂಬಿಲ್ಲದಿದ್ದರೆ ಮೇಲೆ ಹೇಳಿದ್ದರಲ್ಲಿ ಬಹಳಷ್ಟು ಬದಲಾಗುತ್ತದೆ. ಆಗ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬರುತ್ತದೆ, ಅವಳ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ವಿಷಯ ಗೊತ್ತಿದ್ದವರು ತಿಳಿಸಲೇಬೇಕು. ಅಂಥ ಚಿತ್ರ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಹೇಳಿದೆ. ಸ್ಕ್ರೀನ್‌ಶಾಟ್, ಪ್ರತಿ ಯಾವುದನ್ನೂ ಮಾಡದೆ ಫೋನ್ ಸಮೇತ ನೇರ ಠಾಣೆಗೆ ಹೋಗಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ, ಕಲಂಗಳಿಗಿಂತ ಹೆಚ್ಚು ಇದಕ್ಕೇ ಚಿಂತೆ: ‘ಫೋನ್ ಪೊಲೀಸ್ರು ಇಟ್ಕೊಂಡ್ರ ವಾಪಸ್ ಯಾವಾಗ ಕೊಡ್ತಾರ್ರಿ? ಇನ್ನಾ ಕಂತು ಮುಗಿದಿಲ್ಲ.’ ತಿಂಗಳುಗಟ್ಟಲೆ ಆಗಬಹುದು, ಸುಳ್ಳು ಹೇಳುವುದಿಲ್ಲ. ಒಪ್ಪಿಸುವಾಗ ಪಂಚನಾಮೆಯಲ್ಲಿ ಫೋನಿನ ಗುರುತಿನ ಐಎಂಇಐ ಸಂಖ್ಯೆ ಬರೆಸಿ, ಪ್ರತಿ ಕೇಳಿ. ಸಿಮ್ ನಿಮಗೆ ಕೊಡುತ್ತಾರಾ ಎಂದು ತನಿಖಾಧಿಕಾರಿಯನ್ನೇ ಕೇಳಿ. ಕೊಡದಿದ್ದರೆ ಅದೇ ನಂಬರಿಗೆ ಹೊಸ ಸಿಮ್ ತೆಗೆಯುವ ಮುಂಚೆ ಅವರಿಗೆ ತಿಳಿಸಿ. ಪ್ರಯೋಗಾಲಯದ ಕೆಲಸ ಮುಗಿದ ಮೇಲೆ ಮಧ್ಯಂತರ ವಶಕ್ಕೆ, ಅಂದರೆ ಕೇಸು ಮುಗಿಯುವ ಮುಂಚೆಯೇ ಫೋನ್ ವಾಪಸ್ ಪಡೆಯಲು, ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು, ದೊಡ್ಡ ಕೆಲಸವಲ್ಲ. ಕಂತು ಮಾತ್ರ ಕಟ್ಟುತ್ತಿರಬೇಕು, ಅದಕ್ಕೆ ನನ್ನ ಹತ್ತಿರ ಯಾವ ಕಲಮೂ ಇಲ್ಲ.