ಕಿತ್ತೆಗೆ ಎಷ್ಟು ಚಪ್ಪಾಳೆ?

ಜಪಾನಿನಲ್ಲಿ ಅಂಚೆಚೀಟಿಗೆ ‘ಕಿತ್ತೆ’ ಅನ್ನುತ್ತಾರೆ. ‘ಕಿತೆ’ ಅಂದರೆ ‘ಬಾ’. ನಮ್ಮ ಹಳಿ–ಹಳ್ಳಿ ಇದ್ದ ಹಾಗೆ. ಶಾಲೆಯಲ್ಲಿ ಲಘು-ಗುರು ಹಾಕಿ ಮಾತ್ರೆ ಎಣಿಸಿದ್ದು ನೆನಪಿದೆ ಅಲ್ವಾ? ಹಳಿಗೆ ಎರಡು, ಹಳ್ಳಿಗೆ ಮೂರು. ಜಪಾನೀಯರ ಕಿವಿ ಮಾತನ್ನು ಅಳೆಯುವುದೂ ಹೀಗೆಯೇ. ಕಿತ್ತೆಗೆ ಮೂರು ಮಾತ್ರೆ. ಬರೆದರೂ ಮೂರು ಅಕ್ಷರ: ಒಂದು ಕಿ, ಪುಟ್ಟದಾಗಿ ಬರೆದ ಒಂದು ‘ತ್ಸು’, ಆಮೇಲೆ ತೆ. ಆ ಪುಟ್ಟ ತ್ಸುಗೆ ತನ್ನದೇ ಸದ್ದಿಲ್ಲ. ಒಂದು ಮಾತ್ರೆಯಷ್ಟು ಹೊತ್ತು ತಡೆದು ನಿಲ್ಲು ಅನ್ನುವ ಗುರುತು ಅದು, ಅಷ್ಟೆ.

ಡಿಸ್ಲೆಕ್ಸಿಯಾ ಇರುವ ಜಪಾನೀ ಮಕ್ಕಳು ಮೊದಲು ಎಡವುವ ಜಾಗಗಳಲ್ಲಿ ಇದೂ ಒಂದು. ಬುದ್ಧಿ ಚುರುಕಾಗಿರುತ್ತದೆ, ಕಣ್ಣು ಕಿವಿ ಸರಿಯಿರುತ್ತವೆ, ಕಲಿಸುವವರೂ ಇರುತ್ತಾರೆ. ಆದರೂ ಓದು ಮಾತ್ರ ಹತ್ತುವುದಿಲ್ಲ. ಮಾತನ್ನು ಸಣ್ಣ ಸದ್ದುಗಳಾಗಿ ಬಿಡಿಸುವುದು, ಆ ಸದ್ದುಗಳನ್ನು ಅಕ್ಷರಕ್ಕೆ ಜೋಡಿಸುವುದು ಇವರಿಗೆ ಕಷ್ಟ.

ಆದರೆ ಇಂಥ ಮಕ್ಕಳು ಜಪಾನಿನಲ್ಲಿ ತೀರಾ ಅಪರೂಪ ಅಂತ ತುಂಬಾ ಕಾಲ ನಂಬಲಾಗಿತ್ತು. 1968ರಲ್ಲಿ ಕಿಯೋಶಿ ಮಕಿತ ಎಂಬ ಮನೋವೈದ್ಯರು ಶಾಲಾ ಶಿಕ್ಷಕರಿಗೆ ಪ್ರಶ್ನಾವಳಿ ಕೊಟ್ಟು ವಿಚಾರಿಸಿದರು. ಓದಲು ಕಷ್ಟಪಡುವ ಮಕ್ಕಳು ಶೇ. 0.98 ಮಾತ್ರ ಎಂಬ ಉತ್ತರ ಬಂತು. ಪಶ್ಚಿಮದ ದೇಶಗಳ ಲೆಕ್ಕದ ಮುಂದೆ ಇದು ಏನೂ ಅಲ್ಲ. ತೊಂದರೆ ಇರುವುದು ಮಗುವಿನಲ್ಲಿ ಅಲ್ಲ, ಲಿಪಿಯಲ್ಲಿ ಎಂದರು ಮಕಿತ.

ವಾದವೇನೋ ಚೆನ್ನಾಗಿಯೇ ಇತ್ತು. ಮಕ್ಕಳು ಮೊದಲು ಕಲಿಯುವ ಹಿರಗಾನ ಲಿಪಿಯಲ್ಲಿ ಮೂಲ ಅಕ್ಷರಗಳು 46. ಹೆಚ್ಚುಕಡಿಮೆ ಒಂದು ಅಕ್ಷರಕ್ಕೆ ಒಂದೇ ಉಚ್ಚಾರ, ಒಂದೇ ಮಾತ್ರೆ. ಇಂಗ್ಲಿಷಿನಲ್ಲಿ ಒ, ಯು, ಜಿ, ಎಚ್ ಎಂಬ ನಾಲ್ಕೇ ಅಕ್ಷರ ‘ದೋ’ದಲ್ಲಿ ಒಂದು ಥರ, ‘ಟಫ್’ನಲ್ಲಿ ಇನ್ನೊಂದು ಥರ, ‘ಥ್ರೂ’ನಲ್ಲಿ ಮತ್ತೊಂದು ಥರ. ಅದರ ಮುಂದೆ ಹಿರಗಾನ ಸಾಧು ಹಸು.

ಈ ಹಸುವಿಗೂ ನಮಗೂ ಹಳೆಯ ನಂಟಿದೆ. ಜಪಾನೀ ಮಕ್ಕಳು ‘ಅ ಇ ಉ ಎ ಒ, ಕ ಕಿ ಕು ಕೆ ಕೊ’ ಅಂತ ಬಾಯಿಪಾಠ ಮಾಡುವ ಸಾಲು ಭಾರತದಿಂದ ಹೋದದ್ದು. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿಯುತ್ತಿದ್ದರಲ್ಲ, ಅದರ ಗುರುತು. ಸಾಲು ನಮ್ಮದಾದರೂ ಅಕ್ಷರದ ರೂಪ ಬೇರೆ. ನಮ್ಮ ಕ, ಕಿ, ಕು ನೋಡಿದರೆ ಒಂದೇ ಮನೆಯವು ಅಂತ ಗೊತ್ತಾಗುತ್ತದೆ. ಅಲ್ಲಿನ ಕ, ಕಿ, ಕು ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಗೀಟುಗಳು. ಇನ್ನು ‘ಮೆ’ ಮತ್ತು ‘ನು’ ನಡುವೆ ಬಾಲದ ಒಂದು ಪುಟ್ಟ ಸುರುಳಿಯಷ್ಟೇ ವ್ಯತ್ಯಾಸ.

ಮಕಿತರ ಲೆಕ್ಕದಲ್ಲಿ ಒಂದು ತೂತಿತ್ತು. ಅವರು ಕೇಳಿದ್ದು ಶಿಕ್ಷಕರನ್ನು, ಪರೀಕ್ಷಿಸಿದ್ದು ಮಕ್ಕಳನ್ನಲ್ಲ. 1982ರಲ್ಲಿ ಹೆರಾಲ್ಡ್ ಸ್ಟೀವನ್ಸನ್ ಮತ್ತು ಸಂಗಡಿಗರು ಜಪಾನ್, ತೈವಾನ್, ಅಮೆರಿಕದ ಐದನೇ ತರಗತಿಯ ಮಕ್ಕಳಿಗೆ ನೇರವಾಗಿ ಓದಿನ ಪರೀಕ್ಷೆ ಕೊಟ್ಟರು. ಮೂರೂ ಕಡೆ ಓದಲು ಹೆಣಗುವ ಮಕ್ಕಳು ಸಿಕ್ಕರು. ಲಿಪಿ ಸುಲಭವಿದ್ದರೆ ಮಗು ತಪ್ಪು ಓದುವುದು ಕಡಿಮೆ. ಆದರೆ ತುಂಬಾ ನಿಧಾನ. ಒಂದೊಂದೇ ಅಕ್ಷರ ಹೆಕ್ಕಿ ಹೆಕ್ಕಿ ಓದುತ್ತದೆ. ಸಾಲಿನ ಕೊನೆಗೆ ಬರುವಾಗ ಮೊದಲು ಏನಿತ್ತು ಅನ್ನುವುದೇ ಮರೆತಿರುತ್ತದೆ. ದೂರದಿಂದ ನೋಡಿದ ಶಿಕ್ಷಕರಿಗೆ ಇದು ಸೋಮಾರಿತನ ಅನ್ನಿಸಿದರೆ ಆಶ್ಚರ್ಯವೇನು?

ಹೀಗೆ ಮರೆಯಾಗಿದ್ದ ಕಷ್ಟದ ಗುಟ್ಟು ಜಾಸ್ತಿ ಹೊತ್ತು ಉಳಿಯದಂತೆ ಮಾಡುವುದು ಕಾಂಜಿ. ಚೀನಾದಿಂದ ಬಂದ ಈ ಚಿತ್ರದಂಥ ಅಕ್ಷರಗಳನ್ನು ಒಂದನೇ ತರಗತಿಯಲ್ಲಿ 80 ಕಲಿಯಬೇಕು. ಆರನೇ ತರಗತಿ ಮುಗಿಯುವಾಗ 1,026. ದೊಡ್ಡವರ ನಿತ್ಯ ಬಳಕೆಯ ಪಟ್ಟಿಯಲ್ಲಿ 2,136 ಇವೆ. ಸಂಖ್ಯೆ ಹೋಗಲಿ, ಒಂದೊಂದಕ್ಕೂ ಹಲವು ಉಚ್ಚಾರ. ಜೀವ, ಹುಟ್ಟು ಅನ್ನುವ ಅರ್ಥದ ಒಂದು ಕಾಂಜಿ ಇದೆ. ಒಂಟಿಯಾಗಿದ್ದರೆ ಅದು ‘ನಮ’, ಅಂದರೆ ಹಸಿ. ವಿದ್ಯಾರ್ಥಿ ಅನ್ನುವ ‘ಗಕುಸೇ’ಯಲ್ಲಿ ಅದು ‘ಸೇ’. ಹುಟ್ಟುಹಬ್ಬದ ‘ತಂಜೋಬಿ’ಯಲ್ಲಿ ‘ಜೋ’. ಬದುಕು ಎನ್ನುವ ‘ಇಕಿರು’ವಿನಲ್ಲಿ ಬರೀ ‘ಇ’. ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿ ಹೆಸರು ಬದಲಿಸುವ ಅಕ್ಷರ!

ಅಕಿರಾ ಉನೊ ತಂಡ 495 ಪ್ರಾಥಮಿಕ ಶಾಲಾ ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ ವರದಿ ಮಾಡಿತು. ಹಿರಗಾನ ಓದಲು ಕಷ್ಟ ಇದ್ದವರು ಶೇ. 0.2. ಕತಕಾನ ಎಂಬ ಇನ್ನೊಂದು ಸರಳ ಲಿಪಿಯಲ್ಲಿ ಶೇ. 1.4. ಕಾಂಜಿಯಲ್ಲಿ ಶೇ. 6.9. ಅದೇ ದೇಶ, ಅದೇ ಮಕ್ಕಳು. ಯಾವ ಲಿಪಿ ಮುಂದಿಟ್ಟು ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಯಿತು.

ಹಾಗಂತ ಮಕಿತರನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. 1999ರಲ್ಲಿ ತಾಎಕೊ ವೈಡೆಲ್ ಮತ್ತು ಬ್ರಯನ್ ಬಟರ್‌ವರ್ತ್ ಒಬ್ಬ ಹುಡುಗನ ವಿಷಯ ಬರೆದರು. ಅಪ್ಪ-ಅಮ್ಮ ಇಂಗ್ಲಿಷ್ ಮಾತಾಡುವವರು, ಹುಡುಗ ಬೆಳೆದದ್ದು ಜಪಾನಿನಲ್ಲಿ. ಮನೆಯಲ್ಲಿ ಇಂಗ್ಲಿಷ್, ಶಾಲೆಯಲ್ಲಿ ಜಪಾನೀ. 16ನೇ ವಯಸ್ಸಿನಲ್ಲಿ ಜಪಾನೀ ಓದಿನಲ್ಲಿ ಅವನು ಓರಗೆಯವರಿಗೆ ಏನೂ ಕಡಿಮೆ ಇರಲಿಲ್ಲ. ಇಂಗ್ಲಿಷ್ ಓದಲು ಕೊಟ್ಟರೆ ತನ್ನ ಓರಗೆಯ ಜಪಾನೀ ಮಕ್ಕಳಿಗಿಂತಲೂ ಹಿಂದೆ. ಒಂದೇ ತಲೆ, ಎರಡು ಫಲಿತಾಂಶ.

ಅವರ ವಿವರಣೆ ಹೀಗಿದೆ. ಅಕ್ಷರ ಹಿಡಿದಿಡುವ ಸದ್ದಿನ ತುಣುಕು ದೊಡ್ಡದಾಗಿದ್ದರೆ, ಅಂದರೆ ಒಂದು ಮಾತ್ರೆಯಷ್ಟೋ ಒಂದು ಪದದಷ್ಟೋ ಇದ್ದರೆ, ಸದ್ದನ್ನು ಚೂರು ಮಾಡಲಾಗದ ಮಗುವೂ ದಾಟಿಕೊಳ್ಳುತ್ತದೆ. ಇಂಗ್ಲಿಷಿನ ಹಾಗೆ ತುಣುಕೂ ಸಣ್ಣ, ನಿಯಮವೂ ಸಡಿಲ ಆದರೆ ಮುಗ್ಗರಿಸುತ್ತದೆ. ಈ ಹುಡುಗನ ಮಟ್ಟಿಗೆ ವಿವರಣೆ ಒಪ್ಪುತ್ತದೆ. ಎಲ್ಲ ಮಕ್ಕಳಿಗೂ ಒಪ್ಪುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಕಾಂಜಿಯಲ್ಲಿ ಸೋಲುವ ಮಕ್ಕಳಿಗೆ ಸದ್ದಿನ ಜೊತೆಗೆ ಗೆರೆಗಳ ಆಕಾರ ನೆನಪಿಟ್ಟುಕೊಳ್ಳುವ ಕಷ್ಟವೂ ಇರಬಹುದು.

ಇವತ್ತು ಜಪಾನಿನಲ್ಲಿ ‘ಅಪರೂಪ’ ಅನ್ನುವ ಮಾತು ಉಳಿದಿಲ್ಲ. ಬೆಳವಣಿಗೆಯ ತೊಂದರೆ ಇರುವವರಿಗೆ ನೆರವಿನ ಕಾಯ್ದೆ 2005ರಲ್ಲಿ ಜಾರಿಗೆ ಬಂತು. ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಇಂಥವರು ಅರ್ಜಿ ಹಾಕಿ 1.3 ಪಟ್ಟು ಸಮಯ ಪಡೆಯಬಹುದು. ಗೀಟುಗಳ ದಪ್ಪ ಸಮವಾಗಿರುವ, ಕಣ್ಣಿಗೆ ಹಿತವಾದ ಪಠ್ಯಪುಸ್ತಕದ ಫಾಂಟ್ 2017ರಿಂದ ವಿಂಡೋಸ್ ಕಂಪ್ಯೂಟರಿನಲ್ಲೇ ಬರುತ್ತದೆ. ಓದುತ್ತಿರುವ ಸಾಲು ಬಣ್ಣದಲ್ಲಿ ಹೊಳೆದು, ಜೊತೆಗೆ ದನಿಯೂ ಕೇಳಿಸುವ ಪಠ್ಯಪುಸ್ತಕಗಳಿವೆ.

ಆದರೆ ನನಗೆ ಇಷ್ಟವಾದದ್ದು ಯಾವ ಯಂತ್ರವೂ ಬೇಡದ ಒಂದು ಉಪಾಯ. ಒಂದನೇ ತರಗತಿಯಲ್ಲಿ ಮಕ್ಕಳು ಪದ ಹೇಳುತ್ತಾ ಮಾತ್ರೆಗೊಂದು ಚಪ್ಪಾಳೆ ತಟ್ಟುತ್ತಾರೆ. ಪುಟ್ಟ ತ್ಸು ಬಂದ ಕಡೆ ಚಪ್ಪಾಳೆ ಇಲ್ಲ, ಮುಷ್ಟಿ ಬಿಗಿ ಹಿಡಿಯಬೇಕು. ಕಿ, ಚಪ್ಪಾಳೆ. ಮುಷ್ಟಿ. ತೆ, ಚಪ್ಪಾಳೆ. ಕೇಳಿಸದ ಅಕ್ಷರವನ್ನು ಮಗು ಕೈಯಲ್ಲಿ ಹಿಡಿದು ನೋಡುತ್ತದೆ. ನಡುವಿನ ಮುಷ್ಟಿ ಬಿಟ್ಟು ಬರೀ ಎರಡು ಚಪ್ಪಾಳೆ ತಟ್ಟಿದ ಮಗು ಯಾವುದು ಅಂತ ಶಿಕ್ಷಕರಿಗೂ ಅಲ್ಲೇ ಕಾಣಿಸುತ್ತದೆ.